ಹಿತ್ತಲ ಬಾಗಿಲ ಎಡಕ್ಕೆ

ನನ್ನ ನೆನಪಿಗೆ ನಮ್ಮ ಮನೆತನದಲ್ಲಿ ದೊಡ್ಡ ಹೆಸರಿತ್ತು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಎಲೆ ಬಿಟ್ಟು ಎದ್ದರು, ಯಾರ ಬಾಣಂತನಕ್ಕೆ ಯಾರು ಎಂಥ ಸೀರೆ ತಂದರು, ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ದಾಂಡೇಲಿಯಲ್ಲಿ ಕಾಗದದ ಮಿಲ್ಲಿನವನನ್ನು ಕಟ್ಟಿಕೊಂಡವಳು ನಾನು. ಗಂಡನ ಪಾಳಿಯ ಮೇಲೆ ಅಡುಗೆ, ಪಾಳಿಯ ಮೇಲೆ ನಿದ್ದೆ, ಪಾಳಿಯ ಮೇಲೆ ಜಗಳ. ಮಗ ಮೊದಲ ಹೆಜ್ಜೆ ಇಟ್ಟದ್ದು ಇವರ ಎರಡನೇ ಪಾಳಿಯ ವಾರ, ಮಗಳಿಗೆ ಅಮ್ಮ ಎದ್ದದ್ದು ಮೊದಲ ಪಾಳಿಯ ವಾರ, ಹೀಗೆ ಮಿಲ್ಲಿನ ಭೋಂಗಾದ ಒಂದೊಂದು ಕೂಗಿಗೆ ಒಂದೊಂದು ನೆನಪನ್ನು ಗಂಟು ಹಾಕಿ ಇಟ್ಟುಕೊಂಡಿದ್ದೆ. ಯಾರಾದರೂ "ಹಂಗಲ್ಲ, ಹಿಂಗಿತ್ತು" ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸಲು ಬಂದವರಿಗೆ ಆವತ್ತು ನಮ್ಮ ಮನೆಯಲ್ಲಿ ಚಹಾ ಕೂಡ ಸಿಗುತ್ತಿರಲಿಲ್ಲ.

ಈಗ ಆ ಹೆಸರನ್ನು ಯಾರು ಬೇಕಾದರೂ ತೆಗೆದುಕೊಂಡು ಹೋಗಲಿ. ನನಗೆ ಬೇಡವಾಗಿದೆ.

ನಾನು ಹುಟ್ಟಿದ ಊರು ಜೋಯಿಡಾ ತಾಲೂಕಿನಲ್ಲಿ, ಕಾಳಿ ಹೊಳೆಯ ದಂಡೆಯ ಮೇಲಿತ್ತು. ಸೂಪಾದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನಮ್ಮನ್ನು ಅನಮೋಡದ ಕಡೆಗೆ ಹೋಗುವ ರಸ್ತೆಯ ಪಕ್ಕ ಹೊಸ ಜಾಗದಲ್ಲಿ ತಂದು ಇಳಿಸಿದರು. ಅಪ್ಪ ಹಳಿಯಾಳದ ಕಡೆಯವನು, ಕಾಡಿನಲ್ಲಿ ಕಟ್ಟಿಗೆ ಕಡಿಯುವ ಕೂಪಿನ ಕೆಲಸಕ್ಕೆಂದು ಬಂದು ಅವ್ವನ ಊರಿನಲ್ಲೇ ನಿಂತವನು. ಹಾಗಾಗಿ ನಮ್ಮ ಓಣಿಯಲ್ಲಿ ಕೊಂಕಣಿ, ಮನೆಯೊಳಗೆ ಕನ್ನಡ. ಎರಡೂ ಭಾಷೆಯಲ್ಲಿ ನಮ್ಮವರಿಗೆ ಕಾಲ ಅಂದರೆ ಎರಡೇ: ನೀರು ಬರುವುದಕ್ಕಿಂತ ಮೊದಲು, ನೀರು ಬಂದ ಮೇಲೆ. ಒಳ್ಳೆಯ ಭತ್ತ, ದಪ್ಪ ಹಾಲು, ಸತ್ತ ಹಿರಿಯರು, ಕಳೆದುಹೋದ ಒಡವೆ, ಎಲ್ಲ ಮೊದಲಿನ ಕಡೆಗೆ. ರೇಷನ್ನು, ಬಸ್ಸು, ಕಾಲುನೋವು ಈಚೆಗೆ. ಹಳೆಯದು ಏನೇ ಇರಲಿ, ಅದು ನೀರಿನಡಿ ಇದೆ ಎಂದೇ ನಮ್ಮ ಲೆಕ್ಕ. ಯಾರೂ ಇದನ್ನು ನಮಗೆ ಕಲಿಸಲಿಲ್ಲ, ತಾನಾಗಿಯೇ ರೂಢಿಯಾಯಿತು.

ನೀರಿನಡಿ ಇರುವವರಲ್ಲಿ ನನ್ನ ಬೆನ್ನಿಗೆ ಹುಟ್ಟಿದ ಕೂಸೂ ಒಂದು. ಹೆಣ್ಣು. ಹೆಸರಿಡುವುದಕ್ಕೂ ಮೊದಲೇ ಜ್ವರ ಬಂದು ಹೋಯಿತು. ಅದಾದ ವರ್ಷದೊಳಗೇ ಊರು ಬಿಟ್ಟೆವು. ನಾನಾಗ ಇನ್ನೂ ಶಾಲೆಯ ಮುಖ ಕಂಡವಳಲ್ಲ. ಅಣ್ಣ ಹಳಿಯಾಳದ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಆದ್ದರಿಂದ ಆ ಕೂಸಿನ ವಿಷಯಕ್ಕೆ ಅವ್ವ ಅಪ್ಪನನ್ನು ಬಿಟ್ಟರೆ ನಾನೊಬ್ಬಳೇ ಸಾಕ್ಷಿ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು.

ಆ ದಿನ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಜಿಟಿಜಿಟಿ ಮಳೆ. ಹಿತ್ತಲ ಬಾಗಿಲ ಎಡಕ್ಕೆ ಅಪ್ಪ ಬನಿಯನ್ನಿನಲ್ಲಿ ಬಗ್ಗಿ ಗುದ್ದಲಿಯಿಂದ ಅಗೆಯುತ್ತಿದ್ದಾನೆ. ಕೆಂಪು ಮಣ್ಣು ಅವನ ಮೊಣಕಾಲಿನವರೆಗೆ ಹತ್ತಿದೆ. ಅವ್ವ ಹೊಸ್ತಿಲ ಮೇಲೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾಳೆ. ಅಪ್ಪನ ಪಕ್ಕದಲ್ಲಿ ಒಂದು ತಾಮ್ರದ ತಂಬಿಗೆ. ಆಮೇಲೆ ಅಪ್ಪ ಕೂಸಿಗೆ ಔಷಧಿ, ಹಾಲು ಹಾಕುವ ಹಿತ್ತಾಳೆಯ ಒಳಲೆಯನ್ನು ಅಂಗಿಯ ತುದಿಯಿಂದ ಒರೆಸಿ ಕೆಳಗೆ ಇಡುತ್ತಾನೆ. ಬನಿಯನ್ನಿಗೆ ಅಂಗಿಯ ತುದಿ ಎಲ್ಲಿಂದ ಬಂತೆಂದು ಕೇಳಬೇಡಿ, ನನಗೆ ಹಾಗೇ ಕಾಣುತ್ತದೆ. ಈ ಚಿತ್ರದಲ್ಲಿ ಕೂಸು ಮಾತ್ರ ಇರಲಿಲ್ಲ. ಅದನ್ನು ಆಗಲೇ ಗುಂಡಿಯೊಳಗೆ ಮಲಗಿಸಿರಬೇಕು ಎಂದುಕೊಂಡಿದ್ದೆ. ತಂಬಿಗೆ ಯಾಕೆಂದರೆ ಕೈಕಾಲು ತೊಳೆಯುವ ನೀರಿಗೆ. ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇತ್ತು.

ಮನೆಯಲ್ಲಿ ಆ ಕೂಸಿನ ಮಾತು ಬರುತ್ತಲೇ ಇರಲಿಲ್ಲ. ಅಪ್ಪನಂತೂ ಸಾಯುವವರೆಗೆ ಬಾಯಿ ಬಿಡಲಿಲ್ಲ. ಅವ್ವ ಹೊಸ ಮನೆಯ ಹಿತ್ತಲ ಬಾಗಿಲ ಹತ್ತಿರ ಅಬ್ಬಲಿಗೆ ಗಿಡಗಳನ್ನು ಹಚ್ಚಿ, ದಿನಾ ಅಕ್ಕಿ ತೊಳೆದ ನೀರನ್ನು ಅವಕ್ಕೇ ಹಾಕುತ್ತಿದ್ದಳು. ಹೂವು ಕಿತ್ತು ದೇವರಿಗೆ ಏರಿಸುತ್ತಿರಲಿಲ್ಲ, ಮುಡಿಯುತ್ತಲೂ ಇರಲಿಲ್ಲ. ಗಿಡದಲ್ಲೇ ಒಣಗಿ ಉದುರುತ್ತಿದ್ದವು. ನಾವು ಯಾರೂ ಯಾಕೆಂದು ಕೇಳಲಿಲ್ಲ.

ಎರಡು ವರ್ಷದ ಹಿಂದೆ ಅವ್ವನ ತಲೆ ಸಡಿಲವಾಗತೊಡಗಿತು. ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕುವುದು. ನಾನು ದಾಂಡೇಲಿಯಿಂದ ಹೋದರೆ ತನ್ನ ತಂಗಿ ಬಂದಳೆಂದು ತಿಳಿದು ಅವಳ ಗಂಡನ ಆರೋಗ್ಯ ಕೇಳುವುದು. ಸಂಜೆಯಾದರೆ ಅಂಗಳಕ್ಕೆ ಬಂದು, "ಕೂಪಿನಿಂದ ಇನ್ನೂ ಬರಲಿಲ್ಲ ನಿಮ್ಮಪ್ಪ" ಎಂದು ದಾರಿ ನೋಡುವುದು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ನಮ್ಮವ್ವನಿಗೆ ಎಂಬತ್ತರ ಹತ್ತಿರ ಬಂತು. ಏನು ಮಾಡುವುದು ಎಂದು ಇದ್ದೆವು.

ಆಮೇಲೆ ಅವ್ವ ಬಿದ್ದಳು. ಸಂಡಾಸು ಹಿತ್ತಲಿನ ಕೊನೆಗೆ ಇತ್ತು. ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮೂಳೆ ಮುರಿಯಲಿಲ್ಲ, ಅಷ್ಟೇ ಪುಣ್ಯ. ಮನೆಗೆ ಹತ್ತಿಯೇ ಒಂದು ಸಂಡಾಸು ಕಟ್ಟಿಸೋಣ ಎಂದು ಅವ್ವನ ಜೊತೆಗಿದ್ದ ಅಣ್ಣ ನಿಶ್ಚಯಿಸಿದ. ಬಲಗಡೆ ಬಾವಿ. ಉಳಿದದ್ದು ಹಿತ್ತಲ ಬಾಗಿಲ ಎಡಗಡೆ, ಅಬ್ಬಲಿಗೆ ಇದ್ದ ಜಾಗ.

ಬೇಸಿಗೆ ಬಂದ ಮೇಲೆ ಗೌಂಡಿಯನ್ನು ಕರೆದು ಜಾಗ ತೋರಿಸುವಾಗ ಅವ್ವ ಕೋಲೂರಿಕೊಂಡು ಬಂದಳು.

"ಅಲ್ಲಿ ಅಗೀಬ್ಯಾಡ್ರಿ. ಅಲ್ಲಿ ಕೂಸು ಐತಿ."

"ಯಾವ ಕೂಸವ್ವಾ?" ಅಂದ ಅಣ್ಣ.

"ನನ್ನ ಕೂಸು."

ಅಣ್ಣ ತನ್ನ ಹೆಂಡತಿ, ನಮ್ಮ ವೈನಿಯ ಮುಖ ನೋಡಿದ. ವೈನಿ ತಲೆ ತಗ್ಗಿಸಿದಳು. ಸಣ್ಣ ಜಾಗ, ಕೆಲಸದವರ ಬಾಯಿಂದ ಊರಿಗೆಲ್ಲ ಸುದ್ದಿಯಾಗುತ್ತದೆ. ಮನೆಯ ಗೋಡೆಗೆ ಹತ್ತಿ ಹೆಣ ಹುಗಿದಿದ್ದಾರೆಂದರೆ ಯಾರು ಬಂದು ನೀರು ಕುಡಿದಾರು? ಗೌಂಡಿಯನ್ನು ಅಂದಿನ ಮಟ್ಟಿಗೆ ಕಳಿಸಿಬಿಟ್ಟರು. ಅಣ್ಣ ನನಗೆ ಫೋನು ಮಾಡಿದ.

"ತಂಗೀ, ನೀ ಬಂದು ಅವ್ವಗ ಹೇಳು. ನೀ ಕಣ್ಣಾರೆ ಕಂಡಾಕಿ."

ಕಂಡವಳಲ್ಲವೇ ನಾನು. ಮರುದಿನವೇ ಬಸ್ಸು ಹತ್ತಿದೆ.

ಅವ್ವನ ಎದುರು ಕುಳಿತು ಹೇಳಿದೆ. "ಅವ್ವಾ, ಕೂಸು ಹೋಗಿದ್ದು ಹಳೇ ಊರಾಗ. ನೀರು ಬರೂಕಿಂತ ಮೊದಲ. ಅಲ್ಲೇ ಹಿತ್ತಲ ಬಾಗಿಲ ಎಡಕ್ಕ ಅಪ್ಪ ಮಣ್ಣು ಮಾಡಿದ. ನಾ ನೋಡೇನಿ. ನೀ ಎರಡೂ ಮನೀ ಕಲಸಿ ಒಂದು ಮಾಡಾಕತ್ತಿ."

ಅವ್ವ ಕೋಲಿನಿಂದ ಹಿತ್ತಲ ಕಡೆಗೆ ತೋರಿಸಿದಳು. "ಅಲ್ಲಲ್ಲ," ಅಂದಳು. "ಇಲ್ಲೇ ಐತಿ."

"ಇಲ್ಲಿಗೆ ಹೆಂಗ ಬಂತು? ನಡಕೋತ ಬಂತೇನು?"

ನನ್ನ ಬಾಯಿ ಅಂಥದ್ದು. ಅವ್ವ ಏನೋ ಹೇಳಲು ಹೋದಳು, ಮಾತು ಸಿಗಲಿಲ್ಲ. ಆಗ ಅವಳಿಗೆ ಮಾತು ಹಾಗೇ ಆಗುತ್ತಿತ್ತು. ತುದಿಗೆ ಬಂದು ಜಾರಿಹೋಗುತ್ತಿತ್ತು. ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ತೋರಿಸಿದಳು. ನೀರು ಬೇಕೇನೋ ಎಂದು ತಂದುಕೊಟ್ಟೆ. ಕುಡಿಯದೆ ಹಾಗೇ ಇಟ್ಟಳು.

ಅವ್ವನಿಗೆ ಉಳಿದಿದ್ದ ಹಟ ಅದೊಂದೇ. ಊಟ ಬೇಡ, ಸೀರೆ ಬೇಡ, ಆ ಜಾಗವನ್ನು ಅಗೆಯಬಾರದು. ನಮಗೂ ಅವಳ ಮೇಲೆ ಜೋರು ಮಾಡುವ ಮನಸ್ಸಿರಲಿಲ್ಲ. ಒಪ್ಪಿಸಿಯೇ ಅಗೆಯಬೇಕು, ಇಲ್ಲವಾದರೆ ಆ ಸಂಡಾಸಿಗೆ ಅವಳು ಕಾಲೇ ಇಡುವುದಿಲ್ಲ. ದಾರಿ ನನಗೇ ಹೊಳೆಯಿತು. ಆ ಬೇಸಿಗೆಯಲ್ಲಿ ಸೂಪಾದ ನೀರು ಬಹಳ ಕೆಳಗೆ ಇಳಿದಿತ್ತು. ನಮ್ಮ ಹಳೆಯ ಊರಿನ ಮೇಲಿನ ಭಾಗ ಬಯಲಾಗಿದೆ, ಮನೆಗಳ ಬುನಾದಿ ಕಾಣುತ್ತಿದೆ ಎಂದು ಜನ ಮಾತಾಡುತ್ತಿದ್ದರು. ನಮ್ಮ ಮನೆ ಇದ್ದದ್ದು ಮೇಲಿನ ಭಾಗದಲ್ಲೇ. ಅವ್ವನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿಬಿಡೋಣ ಅಂದೆ.

ಜೀಪು ಮಾಡಿಕೊಂಡು ಹೋದೆವು. ಕೊನೆಯ ಇಳಿಜಾರಿನಲ್ಲಿ ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಣ್ಣನೂ ಜೀಪಿನವನೂ ಹೊತ್ತರು. ಹಸಿರಿನ ಹೆಸರಿಲ್ಲ. ಎಲ್ಲೆಲ್ಲೂ ಬೂದುಬಣ್ಣದ ಬಿರುಕುಬಿಟ್ಟ ಕೆಸರು, ಕಡಿದ ಮರಗಳ ಕಪ್ಪು ಬೊಡ್ಡೆಗಳು. ಬೊಡ್ಡೆಗಳು ಕೊಳೆತೂ ಇರಲಿಲ್ಲ. ಒಂದು ಹಕ್ಕಿಯ ದನಿಯೂ ಕೇಳಲಿಲ್ಲ. ಅಲ್ಲಿ ಆಟವಾಡಿದವಳು ನಾನು ಎಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಒಳಗೆ ಏನೂ ಅಲುಗಲಿಲ್ಲ. ಬೇರೆ ಯಾರದೋ ಊರಿನ ಸ್ಮಶಾನಕ್ಕೆ ಬಂದ ಹಾಗಿತ್ತು.

ಮನೆ ಗುರುತಾದದ್ದು ಒರಳಿನಿಂದ. ನೆಲದಲ್ಲಿ ಹುಗಿದಿದ್ದ ಒರಳು, ಒಂದು ಅಂಚು ಒಡೆದದ್ದು. ಒರಳು ಇದ್ದಲ್ಲಿ ಅಡುಗೆಮನೆ, ಅದರ ಹಿಂದೆ ಹಿತ್ತಲ ಬಾಗಿಲ ಹೊಸ್ತಿಲ ಕಲ್ಲು. ನಾನು ಹೋಗಿ ಹೊಸ್ತಿಲ ಮೇಲೆ ನಿಂತೆ, ಎಡಕ್ಕೆ ತಿರುಗಿದೆ.

ಎಡಕ್ಕೆ ಬಂಡೆ ಇತ್ತು. ಒಂದೇ ಹಾಸು ಬಂಡೆ, ಹೊಸ್ತಿಲಿನಿಂದ ಹಿಡಿದು ಇಳಿಜಾರಿನವರೆಗೆ. ಅಲ್ಲಿ ಗುದ್ದಲಿ ಹಾಕಿದರೆ ಕಿಡಿ ಹಾರೀತೇ ಹೊರತು ಗುಂಡಿಯಾಗಲು ಸಾಧ್ಯವಿಲ್ಲ. ಸುತ್ತಲಿನ ಮಣ್ಣೂ ಕಪ್ಪು. ಹೊಳೆದಂಡೆಯ ಮಣ್ಣು ಕಪ್ಪಲ್ಲದೆ ಕೆಂಪಿರುತ್ತದೆಯೇ?

ಅಲ್ಲೇ, ಆ ಹೊಸ್ತಿಲ ಮೇಲೇ ನನಗೆ ತಿಳಿಯಬೇಕಿತ್ತು. ಕಣ್ಣೆದುರು ಬಂಡೆ ಇದೆ. ಆದರೆ ತಲೆಯೊಳಗಿನ ಚಿತ್ರ ಬಂಡೆಗಿಂತ ಗಟ್ಟಿ. ಇಷ್ಟು ವರ್ಷದ ನೀರು ಮೇಲಿನ ಮಣ್ಣನ್ನೆಲ್ಲ ತೊಳೆದುಕೊಂಡು ಹೋಗಿರಬೇಕು, ಬಂಡೆ ಆಮೇಲೆ ಬಯಲಾಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ನೆನಪು ಕೆಡುವುದು ಮರೆವಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಮರೆತವರು ಪಾಪ, ಯಾರನ್ನಾದರೂ ಕೇಳುತ್ತಾರೆ. ನಮ್ಮಂಥ ನೆನಪಿನವರು ಯಾರನ್ನೂ ಕೇಳುವುದಿಲ್ಲ.

"ನೋಡವ್ವಾ," ಅಂದೆ, "ಇದು ನಮ್ಮ ಒರಳು. ಇದು ಹಿತ್ತಲ ಬಾಗಿಲ. ಕೂಸು ಇಲ್ಲೈತಿ."

ಅವ್ವ ಕುರ್ಚಿಯಲ್ಲಿ ಕುಳಿತೇ ಸುತ್ತ ನೋಡಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಬೇಸರ ಇತ್ತು, ಬಿಸಿಲಿನಲ್ಲಿ ಸುಮ್ಮನೆ ನಿಲ್ಲಿಸಿದವರಿಗೆ ಬರುವ ಬೇಸರ.

"ಇಲ್ಲೇನೈತಿ?" ಅಂದಳು. "ಎಲ್ಲಾ ತಂದೇವಲ್ಲ."

"ಸಾಮಾನು ತಂದೇವವ್ವಾ. ಕೂಸಿನ ಮಾತು ಹೇಳಾಕತ್ತೇನಿ ನಾ."

"ಅದನ್ನೂ ತಂದೇವಲ್ಲ."

ಅಣ್ಣ ಆಚೆ ತಿರುಗಿ ಕಣ್ಣು ಒರೆಸಿಕೊಂಡ. ನಾನು ಸೀಸೆಯಲ್ಲಿ ತಂದಿದ್ದ ಹಾಲನ್ನು ಅವಳ ಕೈಗೆ ಕೊಟ್ಟು, ಕೈ ಹಿಡಿದು ಬಂಡೆಯ ಮೇಲೆ ಸುರಿಸಿದೆ. ಬಿಸಿಯಾದ ಕಲ್ಲಿನ ಮೇಲೆ ಹಾಲು ಹರಿದು ಒಂದು ಬಿರುಕಿನಲ್ಲಿ ಇಳಿಯಿತು. ಅವ್ವ ಖಾಲಿ ಸೀಸೆ ಹಿಡಿದು, "ಹೋಗೂಣು ಇನ್ನ" ಅಂದಳು.

ಅಲ್ಲಿಂದ ಬಂದ ಮೇಲೆ ನಮ್ಮ ಕೆಲಸ ಸುಲಭವಾಯಿತು. ಅವ್ವ ಹಿತ್ತಲಿಗೆ ಬಂದು "ಅಗೀಬ್ಯಾಡ್ರಿ" ಅಂದಾಗಲೆಲ್ಲ ನಾವು ಒಂದೇ ಮಾತು ಹೇಳುತ್ತಿದ್ದೆವು. ಅಣ್ಣ ಹೇಳುತ್ತಿದ್ದ, ವೈನಿ ಹೇಳುತ್ತಿದ್ದಳು, ನಾನು ದಾಂಡೇಲಿಯಿಂದ ಫೋನಿನಲ್ಲಿ ಹೇಳುತ್ತಿದ್ದೆ. "ಅವ್ವಾ, ಹಾಲು ಹಾಕಿ ಬಂದಿಯಲ್ಲ, ನೆನಪಿಲ್ಲೇನು? ಕುರ್ಚ್ಯಾಗ ಕೂತು ಹೋಗಿದ್ದಿ. ಒರಳು ಕಂಡಿ." ಪ್ರೀತಿಯಿಂದಲೇ ಹೇಳುತ್ತಿದ್ದೆವು. ಒಂದು ಸಲವೂ ಗದರಿಸಲಿಲ್ಲ.

ಮೊದಮೊದಲು ಅವ್ವ ತಲೆ ಅಲ್ಲಾಡಿಸುತ್ತಿದ್ದಳು. ಆಮೇಲೆ ಸುಮ್ಮನಾದಳು. ಆಮೇಲೆ ಒಂದು ದಿನ ಅವಳೇ, "ಹೌದು, ಒರಳು ಇತ್ತಲ್ಲ" ಅಂದಳಂತೆ. ವೈನಿ ಖುಷಿಯಿಂದ ಫೋನು ಮಾಡಿ ತಿಳಿಸಿದಳು. ಮುಂದಿನ ಸಲ ನಾನು ಹೋದಾಗ ಅವ್ವ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: ಹೊಳೆ ಬತ್ತಿತ್ತು, ಹೋಗಿ ಕೂಸಿನ ಜಾಗ ನೋಡಿದೆ, ಕೂಸು ಅಲ್ಲೇ ಮಲಗಿದೆ, ಹಾಲು ಹಾಕಿದೆ, ಗಟಗಟ ಕುಡಿಯಿತು. ಹೇಳುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಂಡೆಯ ಹತ್ತಿರ ಬಾರದ ಅಳು ಈಗ ಬಂದಿತ್ತು. ಪಾಪ, ಕೊನೆಗೂ ಮನಸ್ಸಿಗೆ ಸಮಾಧಾನವಾಯಿತು ಎಂದು ನಾನೂ ಅತ್ತೆ.

ಅಬ್ಬಲಿಗೆಯನ್ನು ಕೀಳುವ ದಿನಕ್ಕೆ ನಾನೂ ಬಂದಿದ್ದೆ. ಕೀಳುವಾಗ ಅವ್ವ ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು.

ಗೌಂಡಿ ಮೊಣಕಾಲುದ್ದ ಇಳಿದಿರಬೇಕು. ಹಾರೆ ಠಣ್ ಎಂದಿತು. "ಅಕ್ಕಾರ, ಇಲ್ಲಿ ಬರ್ರಿ" ಎಂದು ಕರೆದ. ಒಂದು ಚಪ್ಪಟೆ ಕಲ್ಲು, ಅದರಡಿ ತಾಮ್ರದ ತಂಬಿಗೆ. ಹಸಿರು ಕಿಲುಬು ಹಿಡಿದಿತ್ತು, ಹಾರೆಯ ಪೆಟ್ಟಿಗೆ ಹೊಟ್ಟೆ ಸೀಳಿತ್ತು. ಸೀಳಿನಿಂದ ಮಣ್ಣು ಸುರಿಯಿತು. ಸುತ್ತ ಗುಂಡಿಯೆಲ್ಲ ಕೆಂಪು ಮಣ್ಣು, ತಂಬಿಗೆಯ ಮಣ್ಣು ಮಾತ್ರ ಕಪ್ಪು. ಅದರೊಳಗೆ ಬೆರಳು ಹಾಕಿದೆ. ಒಳಲೆ ಸಿಕ್ಕಿತು.

ನಾನು ಗುಂಡಿಯ ಅಂಚಿನಲ್ಲಿ ಹಾಗೇ ಕುಕ್ಕರಿಸಿದೆ.

ಅಪ್ಪ ಊರು ಬಿಡುವಾಗ ಕೂಸಿನ ಜಾಗದಿಂದ ತಂಬಿಗೆ ತುಂಬ ಮಣ್ಣು ತಂದಿದ್ದ. ಬೇರೆಯವರು ತುಳಸಿಕಟ್ಟೆಯ ಮಣ್ಣು ತಂದರು, ದೇವರ ಕಲ್ಲು ತಂದರು. ಅದನ್ನು ಎಲ್ಲರೂ ನೋಡುವಂತೆ ತರಬಹುದು. ಸತ್ತ ಕೂಸಿನ ಮಣ್ಣು ಹಾಗೆ ತರುವಂಥದ್ದಲ್ಲ. ಹೊಸ ಮನೆಯ ಹತ್ತಿರ ಹುಗಿದರೆ ಓಣಿಯವರು ಸುಮ್ಮನಿರುತ್ತಿರಲಿಲ್ಲ. ಅದಕ್ಕೇ ಮಳೆಯಲ್ಲಿ, ಯಾರೂ ಹೊರಗೆ ಬಾರದ ಹೊತ್ತಿನಲ್ಲಿ ಅಗೆದ. ಅದಕ್ಕೇ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ಕಂಡದ್ದೆಲ್ಲ ನಿಜ: ಮಳೆ ನಿಜ, ಕೆಂಪು ಮಣ್ಣು ನಿಜ, ತಂಬಿಗೆ ನಿಜ, ಒಳಲೆ ನಿಜ. ಕಂಡದ್ದು ಈ ಹಿತ್ತಲಿನಲ್ಲಿ, ಈ ಬಾಗಿಲಿನಿಂದ. ದುಃಖದ ಚಿತ್ರವಾದ್ದರಿಂದ ಅದನ್ನೂ ನೀರಿನಡಿಗೆ ಕಳಿಸಿಬಿಟ್ಟಿದ್ದೆ. ಹಳೇ ಊರಿನಲ್ಲಿ ಕೂಸನ್ನು ಎಲ್ಲಿ ಮಣ್ಣು ಮಾಡಿದರೋ ನಾನು ಕಂಡೇ ಇಲ್ಲ.

ಮೊದಲೆಲ್ಲ ನಾನು ನೆನಪೆಂದರೆ ಟ್ರಂಕಿನಲ್ಲಿ ಮಡಚಿಟ್ಟ ಸೀರೆ ಎಂದು ತಿಳಿದಿದ್ದೆ. ತೆಗೆದಾಗ ನುಸಿ ಹಿಡಿದಿರಬಹುದು, ಬಣ್ಣ ಮಾಸಿರಬಹುದು, ಆದರೆ ಸೀರೆ ಅದೇ. ಹಾಗಲ್ಲ. ಅದು ದಿನಾ ಮಾಡುವ ಸಾರು. ಅದೇ ಸಾರು ಅನ್ನುತ್ತೇವೆ, ಪ್ರತಿ ಸಲ ಹೊಸದಾಗಿ ಕುದಿಸುತ್ತೇವೆ, ಆವತ್ತು ಮನೆಯಲ್ಲಿ ಏನಿರುತ್ತದೋ ಅದು ಬೀಳುತ್ತದೆ. ಅವ್ವನ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ದೂರುತ್ತಿದ್ದ ನಾವು ಮೂವರೂ ಸೇರಿ ಅವಳ ನೆನಪಿಗೆ ತಿಂಗಳುಗಟ್ಟಲೆ ನಮ್ಮ ಕೈಯಿಂದಲೇ ಉಪ್ಪು ಹಾಕುತ್ತಿದ್ದೆವು. ತಲೆಯೆಲ್ಲ ಸೋರಿಹೋಗುತ್ತಿದ್ದ ಆ ಮುದುಕಿ ಒಂದನ್ನು ಮಾತ್ರ ಸರಿಯಾಗಿ ಹಿಡಿದುಕೊಂಡಿದ್ದಳು. ಅದನ್ನೂ ಬಿಡಿಸಿದೆವು.

ಅಣ್ಣ ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತ. ನಾನು ಒಳಲೆಯನ್ನು ತೊಳೆದು, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಿತ್ತಾಳೆಯ ಬಣ್ಣ ಸ್ವಲ್ಪ ಬಂತು. ಅವ್ವನ ಅಂಗೈಯಲ್ಲಿಟ್ಟೆ. ಅಂಗೈ ತಾನಾಗಿ ಬಟ್ಟಲಿನ ಹಾಗೆ ಮಡಚಿತು, ಆವತ್ತು ನನಗೆ ತೋರಿಸಿದ್ದಳಲ್ಲ, ಹಾಗೇ.

"ಒಳಲೆ," ಅಂದಳು. ತಿರುಗಿಸಿ ನೋಡಿದಳು. "ಯಾರ ಮನೀದು?"

"ನಮ್ಮದವ್ವಾ. ನಿನ್ನ ಕೂಸಿಂದು. ಹಿತ್ತಲದಾಗ ಸಿಕ್ತು. ನೀ ಹೇಳಿದ್ದು ಖರೇ ಐತಿ, ಅವ್ವಾ. ಕೂಸು ಇಲ್ಲೇ ಇತ್ತು."

ಅವ್ವ ನನ್ನ ಕಡೆಗೆ ಕನಿಕರದಿಂದ ನೋಡಿದಳು. ತಪ್ಪು ಹೇಳುವವರಿಗೆ ನಾವು ಇಷ್ಟು ದಿನ ತೋರಿಸಿದ್ದ ಕನಿಕರವೇ ಅದು.

"ಇಲ್ಲವ್ವಾ," ಅಂದಳು, "ನನ್ನ ಕೂಸು ಹೊಳ್ಯಾಗೈತಿ. ನಾನೇ ಹಾಲು ಹಾಕಿ ಬಂದೇನಲ್ಲ. ನೀ ಮರ್ತಿ."

ಆಮೇಲೆ ಒಳಲೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೇ ವಾಪಸು ಕೊಟ್ಟಳು.

"ಕೊಟ್ಟು ಬಾ. ಕೂಸಿದ್ದ ಮನೀದು. ಹುಡುಕ್ತಿರ್ತಾರ."